ಕಲ್ಯಾಣಕ್ಕೆ ಬಂದ ಇಬ್ಬರು ಕಾಶ್ಮೀರಿಗಳು

ಪರದೇಶಕ್ಕೆ ಹೋಗಿ ಹೊಸ ಉದ್ಯೋಗದಲ್ಲಿ ನೆಲೆಸುವ ಮಾತನ್ನೆತ್ತಿದೊಡನೆ ನಮ್ಮ ಕಣ್ಣು ಹಡಗಿನ ಕಡೆಗೋ ವಿಮಾನದ ಕಡೆಗೋ ಹೊರಳುತ್ತದೆ. ಹೊರಡತಕ್ಕವರು ನಾವು, ಬರಮಾಡಿಕೊಳ್ಳತಕ್ಕವರು ಬೇರೆಯವರು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ನಮ್ಮ ನಾಡೇ ಇತರರಿಗೆ ಪರದೇಶವಾಗಿದ್ದ ಕಾಲವೂ ಒಂದಿತ್ತು. ದೂರದವರು ಜೀವನೋಪಾಯಕ್ಕಾಗಿಯೋ ಕೀರ್ತಿಗಾಗಿಯೋ ಆತ್ಮದ ಹಸಿವಿನಿಂದಲೋ ಇಲ್ಲಿಗೆ ಬಂದರು. ನಮ್ಮ ನೀರು ಕುಡಿದು, ನಮ್ಮ ಬಿಸಿಲನ್ನು ತಾಳಿಕೊಂಡು, ನಮ್ಮವರ ನಡುವೆ ದುಡಿದರು. ಹಾಗೆ ಬಂದವರಿಗೆ ಈ ನಾಡು ಹೇಗೆ ಕಂಡಿತು? ಅವರು ಇಲ್ಲಿಗೆ ಒಗ್ಗಿದರೇ? ಈ ಪ್ರಶ್ನೆಯನ್ನು ಹಿಡಿದು ನಾವು ಈ ಹೊತ್ತು ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೂ ಅದರ ನೆರೆಯ ಹುಮನಾಬಾದಿಗೂ ಹೋಗಿಬರೋಣ. ಕಾಶ್ಮೀರದವರೆಂದು ಹೆಸರಾದ ಇಬ್ಬರು ಅಲ್ಲಿ ನಮ್ಮನ್ನು ಎದುರುಗೊಳ್ಳುತ್ತಾರೆ. ಅವರಿಬ್ಬರ ನಡುವೆ ಎಂಬತ್ತು ವರ್ಷಗಳ ಅಂತರ. ಒಬ್ಬನಿಗೆ ದೊರೆತದ್ದು ಆನೆ. ಇನ್ನೊಬ್ಬನು ಹೊತ್ತದ್ದು ಸೌದೆಯ ಹೊರೆ.

ಕಲ್ಯಾಣವನ್ನು ರಾಜಧಾನಿಯ ಪದವಿಗೇರಿಸಿದವನು ಚಾಲುಕ್ಯ ವಂಶದ ಒಂದನೆಯ ಸೋಮೇಶ್ವರ. ಅವನ ಆಳ್ವಿಕೆ 1042ರಿಂದ 1068ರವರೆಗೆ. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು ಐವತ್ತು ವರ್ಷ ಆಳಿದನು. ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದನು. ಹಿಂದೂಗಳ ದಾಯಭಾಗದ ವ್ಯವಹಾರದಲ್ಲಿ ಆಂಗ್ಲರ ಕಾಲದ ನ್ಯಾಯಸ್ಥಾನಗಳು ಕೂಡ ಪ್ರಮಾಣವೆಂದು ಹಿಡಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರನು ಬರೆದದ್ದು ಈ ದೊರೆಯ ಕಾಲದಲ್ಲಿ, ಈ ಊರಿನಲ್ಲಿ. ಇಂತಹ ನಗರದ ಸುದ್ದಿ ದೂರದೂರಕ್ಕೆ ಹರಡಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮೊದಲನೆಯ ಕಾಶ್ಮೀರಿ ಬಿಲ್ಹಣ ಕವಿ. ಇವನ ವಿಷಯದಲ್ಲಿ ನಮಗೊಂದು ಅಪೂರ್ವ ಸೌಕರ್ಯವುಂಟು. ನಮ್ಮ ಹಳೆಯ ಕವಿಗಳು ತಮ್ಮ ವಿಷಯವನ್ನು ಹೇಳಿಕೊಳ್ಳುವುದರಲ್ಲಿ ಬಲು ಜಿಪುಣರು. ಬಿಲ್ಹಣನಾದರೋ ತನ್ನ ‘ವಿಕ್ರಮಾಂಕದೇವಚರಿತ’ದ ಹದಿನೆಂಟನೆಯ ಸರ್ಗವನ್ನು ತನ್ನ ಊರಿಗೆ, ತನ್ನ ಮನೆತನಕ್ಕೆ, ತನ್ನ ಪ್ರಯಾಣಕ್ಕೆ ಮೀಸಲಿಟ್ಟಿದ್ದಾನೆ. ಶ್ರೀನಗರದ ಬಳಿಯ ಖೋನಮುಖ ಅವನ ಹುಟ್ಟೂರು. ತಂದೆ ಜ್ಯೇಷ್ಠಕಲಶ, ತಾಯಿ ನಾಗಾದೇವಿ. ಕಲಶನು ಕಾಶ್ಮೀರವನ್ನು ಆಳುತ್ತಿದ್ದಾಗ ಅವನು ಮನೆ ಬಿಟ್ಟನು. ಮಥುರೆ, ಕನೋಜು, ಪ್ರಯಾಗ, ಕಾಶಿಗಳನ್ನು ಹಾದು, ಡಾಹಲ ದೇಶದ ಕರ್ಣನ ಆಸ್ಥಾನದಲ್ಲಿ ಕೆಲವು ಕಾಲ ನಿಂತು, ಮುಂದೆ ಗುಜರಾತಿಗೆ ಇಳಿದನು. ಭೋಜರಾಜನು ಇರುವಾಗಲೇ ಧಾರಾನಗರಕ್ಕೆ ಬರಲಿಲ್ಲವಲ್ಲ ಎಂಬ ಕೊರಗನ್ನೂ ತೋಡಿಕೊಂಡಿದ್ದಾನೆ. ಗುಜರಾತು ಅವನಿಗೆ ಹಿಡಿಸಲೇ ಇಲ್ಲ. ಅಲ್ಲಿನವರ ಉಡಿಗೆಯ ರೀತಿ ಸರಿಯಿಲ್ಲ, ಮಾತು ಕಿವಿಗೆ ಹಿತವಲ್ಲ. ಅವರ ಸಹವಾಸದಿಂದಾದ ತಾಪವನ್ನು ಸೋಮನಾಥನ ದರ್ಶನದಿಂದ ಕಳೆದುಕೊಂಡನಂತೆ! ಪರಸ್ಥಳದ ಊಟವನ್ನೂ ಉಡಿಗೆಯನ್ನೂ ಹಳಿದು ಊರಿಗೆ ಕಾಗದ ಬರೆಯುವ ಇಂದಿನ ತರುಣನಿಗೂ ಈ ಮಹಾಕವಿಗೂ ಈ ವಿಷಯದಲ್ಲಿ ಹೆಚ್ಚು ಭೇದವಿಲ್ಲ. ಗುಜರಾತಿನ ಜನರಿಗೆ ಅನ್ಯಾಯವಾಯಿತು ಎನ್ನಬೇಕಾದರೂ, ಈ ಸಿಡುಕಿನಿಂದಲೇ ಕವಿ ನಮಗೆ ಮನುಷ್ಯನಾಗಿ ಕಾಣುತ್ತಾನೆ.

ಕೊನೆಗೆ ರಾಮೇಶ್ವರದವರೆಗೂ ಹೋಗಿಬಂದು ಬಿಲ್ಹಣನು ಕಲ್ಯಾಣವನ್ನು ಸೇರಿದನು. ವಿಕ್ರಮಾದಿತ್ಯನು ಅವನಿಗೆ ‘ವಿದ್ಯಾಪತಿ’ ಎಂಬ ಪದವಿಯನ್ನಿತ್ತನು. ನೀಲಿಯ ಛತ್ರಿಯನ್ನೂ ಮದ್ದಾನೆಯನ್ನೂ ದಯಪಾಲಿಸಿದನು. ಬಂದವನೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆ ಎಲ್ಲಿ ದೊರೆತೀತು? ಆದರೆ ಪದವಿಯೆಂದಮೇಲೆ ಅದಕ್ಕೊಂದು ಕರ್ತವ್ಯವೂ ಇರಬೇಕಷ್ಟೆ. ವಿಕ್ರಮಾದಿತ್ಯನು ಸಿಂಹಾಸನವನ್ನೇರಿದ್ದು ಅಣ್ಣನಾದ ಎರಡನೆಯ ಸೋಮೇಶ್ವರನನ್ನು ಯುದ್ಧದಲ್ಲಿ ಸೋಲಿಸಿ ಸೆರೆಯಲ್ಲಿಟ್ಟು. ಆಸ್ಥಾನಕವಿ ಇದನ್ನು ಹೇಗೆ ಹೇಳಬೇಕು? ಬಿಲ್ಹಣನ ಕಾವ್ಯದಲ್ಲಿ ತಂದೆಯೇ ಯುವರಾಜಪದವಿಯನ್ನು ಕೊಡಬಂದಾಗ ವಿಕ್ರಮನು ಅಣ್ಣನಿರುವಾಗ ತನಗೆ ಸಲ್ಲದೆಂದು ಒಲ್ಲೆನೆನ್ನುತ್ತಾನೆ; ಮುಂದೆ ಯುದ್ಧದ ಪ್ರಸಂಗ ಬಂದಾಗ ಸಾಕ್ಷಾತ್ ಶಿವನೇ ಕನಸಿನಲ್ಲಿ ಕಾಣಿಸಿಕೊಂಡು ಯುದ್ಧಮಾಡೆಂದು ಅಪ್ಪಣೆ ಕೊಡುತ್ತಾನೆ. ನಾವು ಕವಿಯನ್ನು ಹಂಗಿಸುತ್ತಿಲ್ಲ. ಪರಸ್ಥಳದಲ್ಲಿ ಉದ್ಯೋಗಕ್ಕೆ ನಿಂತವನು ಒಡೆಯನ ಮನೆಯ ಜಗಳದಲ್ಲಿ ಯಾವ ಪಕ್ಷವನ್ನು ಹಿಡಿಯಬೇಕೆಂಬುದು ಅವನ ಇಚ್ಛೆಗೆ ಬಿಟ್ಟ ಮಾತಲ್ಲ. ಊರಿನವನಿಗೆ ಸುಮ್ಮನಿರುವ ಸ್ವಾತಂತ್ರ್ಯವುಂಟು. ಬಂದವನಿಗೆ ಅದೂ ಇಲ್ಲ.

ಇಷ್ಟೆಲ್ಲ ಆದರೂ ಅವನ ಮನಸ್ಸು ಎಲ್ಲಿತ್ತು? ಕಾವ್ಯದ ಮೊದಲಿನಲ್ಲಿಯೇ ಅವನು ಕುಂಕುಮಕೇಸರಿಯನ್ನೂ ಕವಿತೆಯನ್ನೂ ಒಡಹುಟ್ಟಿದವುಗಳೆಂದು ಎಣಿಸಿ, ಶಾರದೆಯ ದೇಶವಾದ ಕಾಶ್ಮೀರವನ್ನು ಬಿಟ್ಟು ಮತ್ತೆಲ್ಲಿಯೂ ಅವು ಮೊಳೆತುದನ್ನು ಕಾಣೆನೆನ್ನುತ್ತಾನೆ. ಇದನ್ನು ಬರೆದದ್ದು ಕಲ್ಯಾಣದಲ್ಲಿ ಕುಳಿತು, ಕನ್ನಡದ ದೊರೆಯ ಅನ್ನವನ್ನುಂಡು! ಪಂಪ ರನ್ನರ ಕಾವ್ಯಗಳು ಆಗಲೇ ಇದ್ದ ನಾಡು ಇದು. ರನ್ನನಂತೂ ಈ ಚಾಲುಕ್ಯವಂಶದ ಆಸ್ಥಾನದಲ್ಲಿಯೇ ಮೆರೆದವನು. ಬಿಲ್ಹಣನು ಅವರ ಹೆಸರನ್ನು ಕೇಳಿದ್ದನೇ? ಅವನಿಂದ ಕನ್ನಡದ ಒಂದು ಸಾಲೂ ನಮಗೆ ದೊರೆತಿಲ್ಲ. ಕಲಿಯುವ ಅವಶ್ಯಕತೆಯೂ ಅವನಿಗೆ ಬೀಳಲಿಲ್ಲವೆಂದು ತೋರುತ್ತದೆ. ಸಂಸ್ಕೃತವು ಕಾಶ್ಮೀರದಿಂದ ಸೇತುವಿನವರೆಗೆ ಯಾವ ಅರಮನೆಯ ಬಾಗಿಲನ್ನಾದರೂ ತೆರೆಯಬಲ್ಲ ಬೀಗದ ಕೈಯಾಗಿತ್ತು. ಅರಮನೆಯ ಬಾಗಿಲು ತೆರೆಯಿತು. ಊರಿನ ಬಾಗಿಲನ್ನು ಅವನು ತಟ್ಟಲೇ ಇಲ್ಲ.

ಮುಂದಿನ ಮಾತನ್ನು ನಮಗೆ ತಿಳಿಸತಕ್ಕವನು ಕಲ್ಹಣ. 1148ರಿಂದ 1150ರವರೆಗೆ ಅವನು ರಚಿಸಿದ ‘ರಾಜತರಂಗಿಣಿ’ಯಲ್ಲಿ ಬಿಲ್ಹಣನ ಪ್ರಸ್ತಾಪ ಬರುತ್ತದೆ. ಕರ್ಣಾಟದ ಪರ್ಮಾಡಿರಾಜನಿಂದ ವಿದ್ಯಾಪತಿಯಾಗಿ, ಆನೆಯ ಮೇಲೆ ಛತ್ರಿ ಹಿಡಿಸಿಕೊಂಡು ದೊರೆಯ ಮುಂದೆ ಸಾಗುತ್ತಿದ್ದ ಈ ಕವಿ, ತನ್ನ ನಾಡಿನಲ್ಲಿ ಹರ್ಷನೆಂಬ ದೊರೆ ಕವಿಗಳಿಗೆ ಬಂಧುವಿನಂತೆ ಇದ್ದಾನೆಂಬ ಸುದ್ದಿಯನ್ನು ಕೇಳಿ, ತನ್ನ ಅಷ್ಟು ವೈಭವವನ್ನೂ ಬರಿಯ ವಂಚನೆಯೆಂದು ತಿಳಿದನಂತೆ. ಇದನ್ನು ಓದುವಾಗ ನಮ್ಮ ಮನಸ್ಸು ಕರಗುತ್ತದೆ. ಹಿಂದಿರುಗಿದನೆಂದು ಕಲ್ಹಣನು ಹೇಳಿಲ್ಲ. ಹಿಂದಿರುಗಿದ್ದರೆ ಏನು ಕಾಣುತ್ತಿದ್ದನೋ! ಹರ್ಷನು 1089ರಲ್ಲಿ ಪಟ್ಟಕ್ಕೆ ಬಂದು ಕೆಲವು ಕಾಲ ವಿದ್ಯಾಪಕ್ಷಪಾತಿಯಾಗಿದ್ದುದು ನಿಜ. ತರುವಾಯ ಲೋಹದ ಆಸೆಗೆ ದೇವರ ವಿಗ್ರಹಗಳನ್ನೇ ಕೀಳಿಸಿ, ಪ್ರಜೆಗಳ ದ್ವೇಷವನ್ನು ಗಳಿಸಿ, 1101ರಲ್ಲಿ ದಂಗೆಯಲ್ಲಿ ಹತನಾದನು. ದೂರದಲ್ಲಿರುವವನು ನೆನೆಯುವ ತೌರೂರು ಅಲ್ಲಿ ನಿಜವಾಗಿ ಇರುವ ಊರಾಗಿರಬೇಕೆಂಬ ನಿಯಮವಿಲ್ಲ.

ಇಲ್ಲಿ ಒಂದು ವಿನೋದವನ್ನೂ ಹೇಳಬೇಕು. ಬಿಲ್ಹಣನು ಕಲ್ಯಾಣದಲ್ಲಿ ಕಾಶ್ಮೀರಕ್ಕಾಗಿ ಹಂಬಲಿಸುತ್ತಿರಲು, ಕಾಶ್ಮೀರದ ಹರ್ಷನಿಗೆ ಕರ್ಣಾಟದ ಹುಚ್ಚು ಹಿಡಿದಿತ್ತು. ದಾಕ್ಷಿಣಾತ್ಯರ ಉಡಿಗೆತೊಡಿಗೆಗಳು ಅವನಿಗೆ ಪ್ರಿಯ. ತನ್ನ ನಾಣ್ಯವನ್ನು ಕರ್ಣಾಟದ ನಾಣ್ಯದ ಮಾದರಿಯಲ್ಲಿ ಹೊಡೆಯಿಸಿದನು. ವಿಕ್ರಮಾದಿತ್ಯನ ರಾಣಿ ಚಂದಲೆಯ ಚಿತ್ರವನ್ನು ನೋಡಿ ಮರುಳಾಗಿ, ಅವಳನ್ನು ಗೆದ್ದು ತರುವೆನೆಂದು ಶಪಥವನ್ನೂ ಮಾಡಿದನೆಂದು ಕಲ್ಹಣನು ಪರಿಹಾಸ್ಯ ಮಾಡುತ್ತಾನೆ. ಅದೇ ರಾಣಿಯ ಸ್ವಯಂವರವನ್ನು ಬಿಲ್ಹಣನು ಸರ್ಗಗಟ್ಟಲೆ ವರ್ಣಿಸಿದ್ದಾನೆ.

ಬಿಲ್ಹಣನ ಕಾವ್ಯಕ್ಕೂ ಪರದೇಶವಾಸ ತಪ್ಪಲಿಲ್ಲ. 1874ರಲ್ಲಿ ಜರ್ಮನಿಯ ವಿದ್ವಾಂಸ ಬ್ಯೂಲರನಿಗೆ ಅದರ ತಾಳೆಯೋಲೆಯ ಪ್ರತಿ ದೊರೆತದ್ದು ಕಲ್ಯಾಣದಲ್ಲಿಯೂ ಅಲ್ಲ, ಕಾಶ್ಮೀರದಲ್ಲಿಯೂ ಅಲ್ಲ. ಮರುಭೂಮಿಯ ನಡುವಣ ಜೈಸಲ್ಮೇರಿನ ಜೈನಭಂಡಾರದಲ್ಲಿ. ಮರುವರ್ಷವೇ ಅದು ಅಚ್ಚಾಯಿತು.

ಈಗ ಕಲ್ಯಾಣದಿಂದ ಹುಮನಾಬಾದಿನ ಕಡೆಗೆ ಹೊರಡೋಣ. ಆ ತಾಲ್ಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಒಂದು ಗುಡಿಯುಂಟು. ಅದರ ಹೊರಗೋಡೆಯ ಮೇಲೆ ಕಲ್ಲಿನ ಸುಂದರಿಯೊಬ್ಬಳು ಬೆನ್ನನ್ನು ಬಾಗಿಸಿ ನಿಂತು ಶಾಸನವನ್ನು ಬರೆಯುತ್ತಿದ್ದಾಳೆ; ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ, ಅದೂ ಸಂಸ್ಕೃತದಲ್ಲಿಯೇ. ವಿದ್ಯಾಪತಿಯ ಉದ್ಯೋಗವನ್ನು ಅವಳು ಇಂದಿಗೂ ನಡೆಯಿಸುತ್ತಿದ್ದಾಳೆ ಎನ್ನಬಹುದು.

ಅದೇ ತಾಲ್ಲೂಕಿನ ಮೋಳಕೇರಿಯಲ್ಲಿ ಎರಡನೆಯ ಕಾಶ್ಮೀರಿಯ ನೆಲೆ. ಮೋಳಿಗೆಯ ಮಾರಯ್ಯನು ಹುಟ್ಟಿನಿಂದ ಕಾಶ್ಮೀರದ ಅರಸನೆಂದೂ, ಬಸವಣ್ಣನವರ ಕೀರ್ತಿಯನ್ನು ಜಂಗಮರಿಂದ ಕೇಳಿ, ರಾಜ್ಯವನ್ನು ತೊರೆದು, ಹೆಂಡತಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದನೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ಇದು ಪರಂಪರೆಯ ಮಾತು, ಶಾಸನದ ಮಾತಲ್ಲ. ಅಷ್ಟು ದೂರದಿಂದ ಬಂದವನು ಇಷ್ಟು ಕನ್ನಡವನ್ನು ಬರೆದಾನೇ ಎಂದು ಸಂಶಯಪಡುವವರೂ ಉಂಟು. ಸಂಶಯಕ್ಕೆ ಅವಕಾಶವಿದೆಯೆಂದು ಒಪ್ಪೋಣ. ಆದರೂ ಪರದೇಶದಿಂದ ಬಂದವನಿಗೆ ಯಾವ ಉದ್ಯೋಗವನ್ನು ಕೊಟ್ಟರೆ ಅವನು ನಮ್ಮವನಾದಾನು ಎಂಬುದನ್ನು ಕನ್ನಡಿಗರು ಹೇಗೆ ಎಣಿಸಿದರೆಂಬುದಕ್ಕಾದರೂ ಈ ಕಥೆ ಸಾಕ್ಷಿಯಾಗಿದೆ.

ಅವನು ಕೈಗೊಂಡದ್ದು ಕಟ್ಟಿಗೆ ಕಡಿದು ಮಾರುವ ಕಾಯಕ. ಮೋಳಿಗೆಯೆಂದರೆ ಸೌದೆಯ ಹೊರೆ. ಕಸುಬೇ ಅವನ ಹೆಸರಾಯಿತು. ಈ ಕಸುಬಿನ ಸ್ವರೂಪವನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ಯಾವ ಮರ ಬೇಗ ಹೊತ್ತುತ್ತದೆ, ಯಾವುದು ಬರಿಯ ಹೊಗೆ, ಯಾವ ಹಾದಿಯಲ್ಲಿ ಮುಳ್ಳು, ಯಾವ ಹಳ್ಳದಲ್ಲಿ ನೀರು ಎಂಬುದನ್ನೆಲ್ಲ ಕಾಡಿಗೆ ಹೋಗತಕ್ಕವನು ಅರಿಯಬೇಕು. ಊರಿಗೆ ಬಂದಮೇಲೆ ಹೊರೆಯನ್ನಿಳುಹಿ ಮನೆಮನೆಯ ಬಾಗಿಲಲ್ಲಿ ಚೌಕಾಸಿಯ ಮಾತಿಗೆ ಮಾತು ಕೊಡಬೇಕು. ಹಸಿ ಕಟ್ಟಿಗೆಯೆಂದು ಗದರಿಸುವ ಗೃಹಿಣಿಗೆ ಯಾವ ಸಂಸ್ಕೃತದಲ್ಲಿ ಉತ್ತರ ಹೇಳುವುದು? ವಿದ್ಯಾಪತಿಗೆ ದೊರೆಯೊಬ್ಬನ ಕಿವಿ ಸಾಕು. ಕಟ್ಟಿಗೆಯವನಿಗೆ ಊರಿನ ಮಾತೆಲ್ಲ ಬೇಕು. ಹಾಗೆ ಬೀದಿಯಲ್ಲಿ ಕಲಿತ ನುಡಿಯಲ್ಲಿಯೇ ಅವನು ‘ನಿಃಕಳಂಕ ಮಲ್ಲಿಕಾರ್ಜುನ’ ಎಂಬ ಅಂಕಿತವನ್ನಿಟ್ಟು ನೂರಾರು ವಚನಗಳನ್ನು ಹೇಳಿದನು. ಸುಲಭವಾದ ವಚನಗಳೆಂದು ತಿಳಿಯಬೇಡಿ. ಕೆಲವಂತೂ ಪಂಡಿತರನ್ನೇ ತಡವರಿಸುವಂತೆ ಮಾಡುತ್ತವೆ. ಮಹಾದೇವಿಯೂ ವಚನಕಾರ್ತಿಯಾದಳು. ತಮ್ಮ ಹಳೆಯ ನಾಡಿನ ನುಡಿಯನ್ನು ಗಂಡಹೆಂಡಿರು ಒಲೆಯ ಮುಂದಾದರೂ ಆಡಿಕೊಳ್ಳುತ್ತಿದ್ದರೋ ಏನೋ!

ಬಂದವರನ್ನು ಬರಮಾಡಿಕೊಂಡ ಬಸವಣ್ಣನವರೂ ಕಲ್ಯಾಣಕ್ಕೆ ಬಂದು ಸೇರಿದವರೇ. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಬಿಜ್ಜಳನ ಭಂಡಾರದ ಅಧಿಕಾರವನ್ನು ವಹಿಸಿದವರು. ಅಲ್ಲಮನು ಬಳ್ಳಿಗಾವೆಯವನು, ಸಿದ್ಧರಾಮನು ಸೊನ್ನಲಿಗೆಯವನು. ಹೊಸಬನ ಕಷ್ಟವನ್ನು ಅರಿತವರಾದ್ದರಿಂದಲೇ ಇರಬೇಕು, ಬಸವಣ್ಣನವರು ಒಮ್ಮೆ ಜಂಗಮವೇಷದಲ್ಲಿ ಮಾರಯ್ಯನಿಲ್ಲದ ಹೊತ್ತಿನಲ್ಲಿ ಅವನ ಗುಡಿಸಲಿಗೆ ಹೋದರು. ಮಹಾದೇವಿ ಬಡಿಸಿದ ಅಂಬಲಿಯನ್ನು ಉಂಡು, ಅವಳಿಗೆ ತಿಳಿಯದಂತೆ ಹೊನ್ನಿನ ಎರಡು ಚೀಲಗಳನ್ನು ಅಲ್ಲಿಟ್ಟು ಬಂದರು. ಮಾರಯ್ಯನು ಹೊರೆ ಮಾರಿ ಹಿಂದಿರುಗಿ ಅದನ್ನು ಕಂಡು ಏನು ಮಾಡಿದನು? ಹೆಂಡತಿಯನ್ನು ಕೇಳಿ ನಡೆದುದನ್ನು ತಿಳಿದು, ಚೀಲಗಳೆರಡನ್ನೂ ಜಂಗಮರಿಗೆ ಒಪ್ಪಿಸಿಬಿಟ್ಟನು. ಕಥೆಯ ಪಾಠಗಳಲ್ಲಿ ಸಣ್ಣಪುಟ್ಟ ಭೇದಗಳಿವೆ; ಹೊನ್ನು ಮಾತ್ರ ಯಾವುದರಲ್ಲಿಯೂ ಅವನ ಮನೆಯಲ್ಲಿ ಉಳಿಯುವುದಿಲ್ಲ. ಒಬ್ಬನು ಆನೆಯನ್ನು ಸ್ವೀಕರಿಸಿ ಕೊನೆಗೆ ಅದನ್ನು ವಂಚನೆಯೆಂದು ಎಣಿಸಿದನು. ಇನ್ನೊಬ್ಬನಿಗೆ ಆ ಕೊರಗಿಗೆ ಕಾರಣವೇ ಹುಟ್ಟಲಿಲ್ಲ.

ಹಾಗೆಂದು ಮಾರಯ್ಯನ ಮನಸ್ಸು ಒಮ್ಮೆಗೇ ನೆಲೆನಿಂತಿತೆಂದು ಹೇಳಲಾಗದು. ಅವನಿಗೂ ಕಡೆಗೆ ಒಂದು ಹಂಬಲ ಹುಟ್ಟಿತು. ಕಾಶ್ಮೀರದ ಹಂಬಲವಲ್ಲ, ಕೈಲಾಸದ್ದು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗವಿದೆ. ಅಲ್ಲಿ ಗಂಡನಿಗೆ ತಿಳಿಯಹೇಳತಕ್ಕವಳು ಮಹಾದೇವಿ. ದೇಶವನ್ನು ಬಿಟ್ಟು ಬಂದದ್ದಾಯಿತು, ಭಂಡಾರವನ್ನು ಬಿಟ್ಟದ್ದಾಯಿತು. ಇನ್ನು ಈ ಊರನ್ನೂ ಈ ಹೊರೆಯನ್ನೂ ಬಿಟ್ಟು ಮತ್ತೊಂದು ಕಡೆಗೆ ಹೋಗುವೆನೆಂಬುದು ಯಾವ ಬಗೆಯ ತ್ಯಾಗವೆಂದು ಅವಳು ಕೇಳುವ ಧಾಟಿ. ಮಾರಯ್ಯನು ಆ ಮಾತಿಗೆ ಮಣಿದನು.

1167ರ ಸುಮಾರಿಗೆ ಬಿಜ್ಜಳನು ಹತನಾಗಿ ಕಲ್ಯಾಣ ಕದಡಿತು; ಶರಣರು ದಿಕ್ಕುದಿಕ್ಕಿಗೆ ಚದುರಿದರು. ಬಿಲ್ಹಣನ ಹೆಸರಿನ ಗುಡಿಯನ್ನಾಗಲಿ ಕೆರೆಯನ್ನಾಗಲಿ ನಾವು ಬಸವಕಲ್ಯಾಣದಲ್ಲಿ ಕಾಣೆವು. ಮೋಳಕೇರಿಯಲ್ಲಿ ಮಾರಯ್ಯನ ಗವಿಯುಂಟು. ಹುಮನಾಬಾದಿನಲ್ಲಿ ಹೆದ್ದಾರಿಯ ಬದಿಗೆ ನಿಂತು ಹೈದರಾಬಾದಿಗೋ ಪುಣೆಗೋ ಹೋಗುವ ಬಸ್ಸನ್ನು ಕಾಯುವ ತರುಣರು, ಅಲ್ಲಿಂದ ಮುಂದೆ ಅರಬರ ನಾಡಿಗೂ ಹೋಗತಕ್ಕವರು, ಆ ಗವಿಯ ಊರನ್ನು ಬಲ್ಲರು; ಅಲ್ಲಿದ್ದವನು ಯಾವ ದೇಶದವನೆಂದು ಕೇಳಿದರೆ ಮಾತ್ರ, ಇಲ್ಲಿಯವನೇ ಎಂದಾರು.