ಕಿಲೋ ಲೆಕ್ಕದ ಆಚೆಗೆ



ಫೌಂಡ್ರಿ ಸಮಾವೇಶದಲ್ಲಿ ಅಧ್ಯಕ್ಷ ಭಾಷಣ ಎಂದರೆ ಉದ್ಯಮದ ಅವಕಾಶ ಮತ್ತು ಸವಾಲುಗಳನ್ನು ಒಂದೊಂದಾಗಿ ಎಣಿಸುವುದು ವಾಡಿಕೆ. ಸಂಘಟಕರು ಕಳಿಸಿದ ಟಿಪ್ಪಣಿಯಲ್ಲಿಯೂ ಹಾಗೆಯೇ ಇತ್ತು. ಕರೆಂಟಿನ ದರ, ಪಿಗ್ ಐರನ್ನಿನ ಏರಿಳಿತ, ಕೂಲಿಕಾರರ ಅಭಾವ ಎಲ್ಲವೂ ನಿಜ. ಇವುಗಳ ಬಗ್ಗೆ ನಾವು ಪ್ರತಿ ಸಮಾವೇಶದಲ್ಲೂ ಠರಾವು ಮಾಡಿದ್ದೇವೆ, ಈ ಸಲವೂ ಮಾಡುತ್ತೇವೆ. ಆದರೆ ನನಗೆ ಸಿಕ್ಕ ಸಮಯವನ್ನು ಬೇರೆಯವರ ಕಡೆ ಬೆರಳು ತೋರಿಸಲು ಖರ್ಚು ಮಾಡುವ ಮನಸ್ಸಿಲ್ಲ. ನಾವೇ ಕಟ್ಟಿಕೊಂಡ ಒಂದು ಲೆಕ್ಕದ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಕಿಲೋ ಲೆಕ್ಕ.

ಗಿರಾಕಿ ಫೋನ್ ಮಾಡಿದರೆ ಮೊದಲು ಕೇಳುವುದೇನು? "ಕಿಲೋಕ್ಕೆ ಎಷ್ಟು?" ಒಳಗೆ ನೀರು ಹರಿಯುವ ದಾರಿಗಳಿಗೆಂದು ನಾಲ್ಕಾರು ಕೋರ್ ಜೋಡಿಸಿ ಮಾಡುವ ಸಿಲಿಂಡರ್ ಹೆಡ್ಡಿಗೂ ಅದೇ ಪ್ರಶ್ನೆ, ಟ್ರ್ಯಾಕ್ಟರಿನ ಮೂತಿಗೆ ನೇತುಹಾಕುವ ಭಾರದ ಗಟ್ಟಿಗೂ ಅದೇ ಪ್ರಶ್ನೆ. ಕಠಿಣ ಜಾಬಿಗೆ ದರ ನಾಲ್ಕು ರೂಪಾಯಿ ಹೆಚ್ಚು, ಸುಲಭದ್ದಕ್ಕೆ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೂ ನಮ್ಮ ಕೊಟೇಶನ್ ಹಾಳೆಯಲ್ಲಿ ಕೊನೆಗೆ ಉಳಿಯುವುದು ಒಂದೇ ಅಂಕಿ, ಅದು ತಕ್ಕಡಿಯದು.

ಇದರಿಂದ ಏನಾಗುತ್ತದೆ ನೋಡಿ. ಲೆಕ್ಕಕ್ಕೆಂದು ಕಿಲೋಕ್ಕೆ ನೂರು ರೂಪಾಯಿ ಇಟ್ಟುಕೊಳ್ಳೋಣ. ಇಪ್ಪತ್ತು ಕಿಲೋದ ಒಂದು ಹೌಸಿಂಗ್, ಬೆಲೆ ಎರಡು ಸಾವಿರ. ಗಿರಾಕಿಯ ಎಂಜಿನಿಯರ್ ಬಂದು ಗಾಡಿ ಹಗುರಾಗಬೇಕು, ಗೋಡೆ ತೆಳ್ಳಗೆ ಮಾಡಿ ಎನ್ನುತ್ತಾನೆ. ನಾವು ಪ್ಯಾಟರ್ನ್ ತಿದ್ದುತ್ತೇವೆ, ಗೇಟಿಂಗ್ ಬದಲಿಸುತ್ತೇವೆ, ಲೋಹವನ್ನು ಇನ್ನಷ್ಟು ಬಿಸಿ ಮಾಡಿ ಸುರಿಯುತ್ತೇವೆ. ತೆಳು ಗೋಡೆಯಲ್ಲಿ ಲೋಹ ತುದಿ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ಕೆಲವು ನಗ ಕೆಡುತ್ತವೆ. ಕೊನೆಗೆ ಹದಿನೇಳು ಕಿಲೋಕ್ಕೆ ಇಳಿಸುತ್ತೇವೆ. ಮೂರು ಕಿಲೋ ಲೋಹ ಉಳಿಯಿತು ನಿಜ, ಅದರ ಬೆಲೆ ಮುನ್ನೂರರ ಅರ್ಧದಷ್ಟಿರಬಹುದು. ಬಿಲ್ಲಿನಲ್ಲಿ ಇಳಿದದ್ದು ಮಾತ್ರ ಪೂರ್ತಿ ಮುನ್ನೂರು. ಜಾಣತನ ತೋರಿಸಿದ್ದಕ್ಕೆ ದಂಡ ಕಟ್ಟಿದಂತಾಯಿತು. ಇಂಥ ಲೆಕ್ಕ ಇಟ್ಟುಕೊಂಡ ಧಂದೆಯಲ್ಲಿ ಮಗ ಬಂದು ಕೂಡ್ರಲು ಒಲ್ಲೆ ಎಂದರೆ ಮಗನನ್ನು ಬೈಯುವುದು ಸರಿಯಲ್ಲ.

ನಮ್ಮ ಹೆಮ್ಮೆಯೂ ತೂಕದಲ್ಲೇ ಇದೆ. ಜಗತ್ತಿನಲ್ಲಿ ಚೀನಾ ಬಿಟ್ಟರೆ ಅತಿ ಹೆಚ್ಚು ಎರಕ ಹೊಯ್ಯುವ ದೇಶ ಭಾರತ, ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಹೆಚ್ಚು. ಪ್ರತಿ ವೇದಿಕೆಯಲ್ಲಿಯೂ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಟನ್ನಿನಲ್ಲಿ ಎರಡನೆಯವರು ಎಂದಷ್ಟೇ ಅದರ ಅರ್ಥ.

ನಮ್ಮ ಈ ಬೆಳಗಾವಿಯಲ್ಲಿ ಧಂದೆಯ ಆರಂಭ ಹೀಗಿರಲಿಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಏರುತ್ತದೆ ಎಂದು ರೈತರು ಹೆದರುತ್ತಿದ್ದ ಕಾಲ ಅದು. ನೇಗಿಲುಗಳು ಬಹಳ ದಿನ ಮಾರಾಟವಾಗದೆ ಬಿದ್ದಿದ್ದವಂತೆ. ಊರು ಬೆಳೆಯುವುದಕ್ಕೆ ಜಾಗ ಬೇಕೆಂದು ಅವರ ಕಾರಖಾನೆಯನ್ನು ಎಬ್ಬಿಸಿದಾಗ ಔಂಧ್ ಸಂಸ್ಥಾನದ ರಾಜರು ಆಸರೆ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದು ನಿಂತಿತು. ಬೆಳಗಾವಿ ಕಳೆದುಕೊಂಡದ್ದು ಎಷ್ಟೆಂದು ಇಂದು ಕೂತು ಲೆಕ್ಕ ಹಾಕಿ ಫಲವಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಆ ಮನುಷ್ಯ ರೈತನಿಗೆ ಇಷ್ಟು ಸೇರು ಕಬ್ಬಿಣ ಎಂದು ಮಾರಲಿಲ್ಲ, ನೇಗಿಲು ಎಂದು ಮಾರಿದರು. ರೈತ ಕೊಂಡದ್ದು ನೆಲ ಉಳುವ ಕೆಲಸವನ್ನು.

ಕೊಯಮತ್ತೂರಿನವರು ಪಂಪು ಮಾರಿದರು, ರಾಜಕೋಟದವರು ಡೀಸೆಲ್ ಎಂಜಿನ್ ಮಾರಿದರು, ನಮ್ಮ ಪಕ್ಕದ ಹುಬ್ಬಳ್ಳಿಯವರು ವಾಲ್ವು ಮಾರಿದರು. ಆ ಊರುಗಳಲ್ಲಿಯೂ ಬಿಡಿ ಎರಕ ಮಾರುವವರು ಬೇಕಾದಷ್ಟಿದ್ದಾರೆ, ನಿಜ. ಆದರೆ ಊರಿಗೆ ಹೆಸರು ಬಂದದ್ದು ವಸ್ತುವಿನಿಂದ. ಬೆಳಗಾವಿಯಲ್ಲಿಯೂ ಹೈಡ್ರಾಲಿಕ್ ಪಂಪು, ವಾಲ್ವು ಮಾಡಿ ತಮ್ಮ ಹೆಸರಿನಲ್ಲೇ ಮಾರುವವರು ದಶಕಗಳಿಂದ ಇದ್ದಾರೆ. ಅವರ ಕಾರಖಾನೆ ನಮ್ಮ ಕಾಂಪೌಂಡಿಗೆ ಅಂಟಿಕೊಂಡಿದೆ, ಅವರ ದಾರಿ ಮಾತ್ರ ನಮಗೆ ಅಂಟಲಿಲ್ಲ.

ಕಿಲೋ ಲೆಕ್ಕ ಬಚ್ಚಿಡುವ ಸಂಗತಿಗಳಲ್ಲಿ ದೊಡ್ಡದು ರಿಜೆಕ್ಷನ್. "ಕೆಟ್ಟರೆ ಏನಾಯಿತು, ಮತ್ತೆ ಫರ್ನೇಸಿಗೇ ಹೋಗುತ್ತದಲ್ಲ" ಎಂಬ ಮಾತು ನಮ್ಮಲ್ಲಿ ಅಪ್ಪನಿಂದ ಮಗನಿಗೆ ಬಂದಿದೆ. ಲೋಹ ವಾಪಸು ಬರುತ್ತದೆ. ಬೇರೆ ಏನು ಬರುತ್ತದೆ ಹೇಳಿ? ಇಂಡಕ್ಷನ್ ಫರ್ನೇಸಿನಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು ಆರು ನೂರು ಯೂನಿಟ್ ಬೇಕು. ಕರಗಿಸಿದ ಸಾವಿರ ಕಿಲೋದಲ್ಲಿ ರನ್ನರ್, ರೈಸರ್ ಕಳೆದರೆ ಅನೇಕ ಜಾಬುಗಳಲ್ಲಿ ಉಳಿಯುವುದು ಆರು ನೂರು ಕಿಲೋ. ಅದರಲ್ಲಿ ನೂರಕ್ಕೆ ಹತ್ತು ಕೆಟ್ಟರೆ ಲಾರಿ ಹತ್ತುವುದು ಐದು ನೂರಾ ನಲವತ್ತು. ಅಂದರೆ ಮಾರಿದ ಪ್ರತಿ ಕಿಲೋದ ಹಿಂದೆ ಒಂದು ಯೂನಿಟ್ಟಿಗೂ ಹೆಚ್ಚು ಕರೆಂಟು, ಅದೂ ಕರಗಿಸುವುದಕ್ಕೆ ಮಾತ್ರ. ಮೋಲ್ಡಿಂಗ್ ಮಾಡಿದವನ ಪಾಳಿ, ಕೋರ್ ಬೇಯಿಸಿದ ಗ್ಯಾಸು, ಕಚ್ಛದಿಂದ ಬಂದ ಬೆಂಟೊನೈಟು, ಕೊಂಕಣದಿಂದ ಬಂದ ಸಿಲಿಕಾ ಮರಳು ಯಾವುದೂ ಫರ್ನೇಸಿನಿಂದ ಮರಳಿ ಬರುವುದಿಲ್ಲ. ಇನ್ನು ಎರಕದೊಳಗಿನ ಗಾಳಿಗುಳ್ಳೆ, ಅಂದರೆ ಬ್ಲೋ ಹೋಲ್, ನಮ್ಮ ಕಣ್ಣಿಗೆ ಬೀಳದೆ ಪುಣೆಯ ಗಿರಾಕಿಯ ಮಷಿನ್ ಮೇಲೆ, ಟೂಲ್ ಅರ್ಧ ಕೆತ್ತಿದ ಮೇಲೆ ಬಾಯಿ ತೆರೆದರೆ, ಬಾಡಿಗೆ, ಮಷಿನಿಂಗ್ ಎಲ್ಲ ಸೇರಿಸಿದ ಡೆಬಿಟ್ ನೋಟ್ ಬರುತ್ತದೆ. ಅದನ್ನು ನಾವು ಅಕೌಂಟಿನವರ ಫೈಲಿಗೆ ಸೇರಿಸುತ್ತೇವೆ. ಮೋಲ್ಡಿಂಗ್ ಮೇಸ್ತ್ರಿಯ ಕೈಗೆ ಅದರ ಒಂದು ಪ್ರತಿಯೂ ಹೋಗುವುದಿಲ್ಲ. ತಾನು ಹೊಯ್ದ ಜಾಬು ಎಲ್ಲಿ, ಯಾಕೆ ಕೆಟ್ಟಿತೆಂದು ತಿಳಿಯದವನು ಅದನ್ನು ಸರಿಮಾಡುವುದಾದರೂ ಹೇಗೆ?

ಎರಡನೆಯದು ಮರಳು. ಒಂದು ಕಿಲೋ ಲೋಹಕ್ಕೆ ನಾಲ್ಕೈದು ಕಿಲೋ ಮರಳು ಹದಗೊಳಿಸುತ್ತೇವೆ. ನಿಜ ಹೇಳಬೇಕೆಂದರೆ ನಾವು ಕಬ್ಬಿಣದ ಕಾರಖಾನೆ ನಡೆಸುವವರಲ್ಲ, ಮರಳಿನ ಕಾರಖಾನೆ ನಡೆಸುವವರು. ಮರಳಿನಲ್ಲಿ ನೂರಕ್ಕೆ ಮೂರು ಮೂರೂವರೆ ಭಾಗ ಇರಬೇಕಾದ ನೀರು ನಾಲ್ಕೂವರೆಗೆ ಏರಿದರೆ ಸಾಕು, ಆವಿ ಎದ್ದು ಎರಕದ ಮೈಯಲ್ಲಿ ಗುಳ್ಳೆ. ಹಳೆಯ ಮೇಸ್ತ್ರಿಗಳು ಮುಷ್ಟಿಯಲ್ಲಿ ಹಿಚುಕಿ, ಮುರಿದ ಅಂಚು ನೋಡಿ ಹದ ಹೇಳುತ್ತಿದ್ದರು. ಆ ಕೈಗಳಿಗೆ ನನ್ನ ನಮಸ್ಕಾರ ಇದೆ. ಆದರೆ ಎರಡನೇ ಪಾಳಿಗೆ ಆ ಕೈ ಇರುವುದಿಲ್ಲ. ಮರಳು ಪರೀಕ್ಷೆಯ ಸಲಕರಣೆಗಳು ಫರ್ನೇಸಿನ ಬೆಲೆಯ ಮುಂದೆ ಏನೂ ಅಲ್ಲ. ಕೋಟಿ ಕೊಟ್ಟು ಫರ್ನೇಸ್ ತಂದವರು ಅದೊಂದಕ್ಕೆ ಯಾಕೆ ಹಿಂಜರಿಯುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ.

ಸುಟ್ಟು ಕಪ್ಪಾದ ಮರಳು ಎಲ್ಲಿ ಹೋಗುತ್ತದೆ ಎಂಬುದು ಈ ಸಭಾಂಗಣದಲ್ಲಿರುವ ಎಲ್ಲರಿಗೂ ಗೊತ್ತು. ರಸ್ತೆ ಬದಿಯ ಹಳ್ಳ, ಯಾರದೋ ಖಾಲಿ ಹೊಲ. ಕೇಂದ್ರದ ಕೈಗಾರಿಕಾ ಮೂಲಸೌಕರ್ಯ ಯೋಜನೆಯಡಿ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ರೂಪುಗೊಂಡದ್ದು ಒಬ್ಬೊಬ್ಬರಿಗೆ ಎಟುಕದ್ದು ಒಟ್ಟಿಗೆ ಎಟುಕಲಿ ಎಂದು. ಮರಳನ್ನು ಮತ್ತೆ ಬಳಕೆಗೆ ತರುವುದು ಅಂಥ ಕೆಲಸಗಳಲ್ಲಿ ಮೊದಲನೆಯದು. ಹೊಸ ಮರಳು ಅಗ್ಗವಾಗಿ ಸಿಕ್ಕಿದ ವರ್ಷ ನಾವು ಅದನ್ನು ಮರೆಯುತ್ತೇವೆ. ಮಾಲಿನ್ಯದ ಮಾತು ಮರೆತವರಿಗೆ ಏನಾಗುತ್ತದೆ ಎಂಬುದಕ್ಕೆ ಆಗ್ರಾ ನೋಡಿ. ತಾಜಮಹಲಿನ ಸುತ್ತಲಿನ ಗಾಳಿಯ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೋಕು ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬನ್ನಿ, ಇಲ್ಲವೇ ಜಾಗ ಬಿಡಿ ಎಂದಿತು. ಅಲ್ಲಿನ ಫೌಂಡ್ರಿಗಳಿಗೆ ಮೂರನೆಯ ದಾರಿ ಇರಲಿಲ್ಲ. ನಮ್ಮಲ್ಲಿ ತಾಜಮಹಲು ಇಲ್ಲದಿರಬಹುದು, ಬಾವಿಗಳಿವೆ.

ಮರಳಿನ ಮಾತು ಬಂದಾಗ ಧೂಳಿನ ಮಾತು ಬಿಡಲಾಗದು. ಅಚ್ಚು ಒಡೆಯುವ ನಾಕ್‌ಔಟ್ ಮತ್ತು ಎರಕ ಉಜ್ಜುವ ಫೆಟ್ಲಿಂಗ್ ವಿಭಾಗಗಳಲ್ಲಿ ಏಳುವ ಸಿಲಿಕಾ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳಿಗಿಂತ ಕಾಣದವೇ ಅಪಾಯ. ಅವು ಪುಪ್ಪುಸದ ಆಳಕ್ಕೆ ಹೋಗಿ ಕೂಡ್ರುತ್ತವೆ. ಸಿಲಿಕೋಸಿಸ್ ಬಂದರೆ ಹೋಗುವ ಕಾಯಿಲೆಯಲ್ಲ. ಕಾರ್ಖಾನೆ ಕಾಯ್ದೆ ಅದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇಟ್ಟು ದಶಕಗಳೇ ಆದವು. ಆದರೆ ಫೆಟ್ಲಿಂಗ್ ಕೆಲಸವನ್ನು ನಾವು ಕಿಲೋ ಲೆಕ್ಕದಲ್ಲಿ ಗುತ್ತಿಗೆ ಕೊಡುತ್ತೇವೆ. ಉತ್ತರ ಪ್ರದೇಶದಿಂದ, ಬಿಹಾರದಿಂದ, ಒಡಿಶಾದಿಂದ ಬಂದ ಹುಡುಗ ಗ್ರೈಂಡರ್ ಹಿಡಿದು ನಿಲ್ಲುತ್ತಾನೆ. ಎಷ್ಟು ಕಿಲೋ ಉಜ್ಜಿದರೆ ಅಷ್ಟು ಕಾಸು. ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತದೆ, ಕೈ ನಿಧಾನವಾಗುತ್ತದೆ, ಆದ್ದರಿಂದ ತೆಗೆದಿಡುತ್ತಾನೆ. ಕೆಲವು ವರ್ಷಗಳಾದ ಮೇಲೆ ಕೆಮ್ಮು ಹಿಡಿದು ಊರಿಗೆ ಹೋದರೆ ಅವನ ಎಕ್ಸ್‌ರೇ ನಮ್ಮ ದಫ್ತರಕ್ಕೆ ಬರುವುದಿಲ್ಲ. ಅವನು ಮಾಸ್ಕ್ ಹಾಕುವುದಿಲ್ಲ ಎಂದು ಮಾಲೀಕರು ದೂರುವುದನ್ನು ಕೇಳಿದ್ದೇನೆ. ಹಾಕದಿರುವಂತೆ ಮಾಡಿದ್ದು ನಾವು ಕೊಟ್ಟ ದರ. ಫೆಟ್ಲಿಂಗನ್ನು ದಿನಗೂಲಿಗೆ ತನ್ನಿ, ಧೂಳು ಹೀರುವ ಡಕ್ಟ್ ಕಟ್ಟಿಸಿ, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸಿ. ಅದರ ಖರ್ಚನ್ನು ಎರಕದ ಬೆಲೆಯಲ್ಲಿ ಬರೆಯಿರಿ, ಅಡಗಿಸಬೇಡಿ.

ಹೊರಗಿನ ಬದಲಾವಣೆಗಳ ಬಗ್ಗೆ ಎರಡೇ ಮಾತು. ವಿದ್ಯುತ್ ವಾಹನ ಬಂದರೆ ಫೌಂಡ್ರಿ ಮುಗಿಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸಿಲಿಂಡರ್ ಬ್ಲಾಕು, ಹೆಡ್ಡು, ಮ್ಯಾನಿಫೋಲ್ಡು ಮಾಡುವವರು ಚಿಂತಿಸಬೇಕಾದದ್ದು ನಿಜ. ಟ್ರ್ಯಾಕ್ಟರು, ಪಂಪು, ಕಂಪ್ರೆಸರು, ಮಣ್ಣೆತ್ತುವ ಯಂತ್ರಗಳು ಅಷ್ಟು ಬೇಗ ಕದಲುವುದಿಲ್ಲ. ಬ್ಯಾಟರಿ ಗಾಡಿಗೂ ಬ್ರೇಕು, ಹಬ್ಬು, ಗೇರಿನ ಪೆಟ್ಟಿಗೆ ಬೇಕು. ಆದರೆ ಅದು ಹಗುರ ಎರಕ ಕೇಳುತ್ತದೆ. ಹಗುರಾದಷ್ಟೂ ನಷ್ಟ ಎನ್ನುವ ದರಪಟ್ಟಿ ಹಿಡಿದು ಅಲ್ಲಿಗೆ ಹೋದರೆ ಬಾಗಿಲಲ್ಲೇ ಸೋತಂತೆ. ಯುರೋಪಿನ ಗಡಿ ಇಂಗಾಲ ತೆರಿಗೆ ಕಬ್ಬಿಣ ಮತ್ತು ಉಕ್ಕಿನ ಸರಕುಗಳಿಗೆ 2026ರ ಜನವರಿಯಿಂದ ಜಾರಿಗೆ ಬಂದಿದೆ. ನಮ್ಮ ಪ್ರತಿಯೊಂದು ಜಾಬು ಅದರ ವ್ಯಾಪ್ತಿಗೆ ಬರಲಿ ಬಿಡಲಿ, ಅಲ್ಲಿನ ಗಿರಾಕಿ ಒಂದು ಕಿಲೋದ ಹಿಂದೆ ಎಷ್ಟು ಕರೆಂಟು, ಎಷ್ಟು ಕೋಕು ಎಂದು ಕೇಳುತ್ತಾನೆ. ಉತ್ತರ ಇಲ್ಲದವನ ಹೆಸರು ಪಟ್ಟಿಯಿಂದ ಜಾರುತ್ತದೆ. ಕಿಲೋ ಲೆಕ್ಕದವರಿಗೆ ಕಿಲೋದ ಲೆಕ್ಕವೇ ಗೊತ್ತಿಲ್ಲ ಎಂದರೆ ನಗೆಪಾಟಲು.

ಹಾಗಾದರೆ ನಾವೆಲ್ಲ ಕೂಡಿ ಒಂದು ದರ ಕಟ್ಟಿಕೊಳ್ಳೋಣವೇ? ಬೇಡ. ಚಹಾದ ಹೊತ್ತಿನಲ್ಲಿ ಇಬ್ಬರು ಈ ಸಲಹೆ ಕೊಟ್ಟರು. 2002ರ ಸ್ಪರ್ಧಾ ಕಾಯ್ದೆ ಅದನ್ನು ಒಪ್ಪುವುದಿಲ್ಲ, ನನಗೂ ಒಪ್ಪಿಗೆಯಿಲ್ಲ. ದರ ಅವರವರದ್ದು. ಆದರೆ ದರ ಹಾಕುವ ವಿಧಾನವನ್ನು ಒಟ್ಟಿಗೆ ಕಲಿಯಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಲೋಹಕ್ಕೆ ತೂಕದ ಬೆಲೆ ಇರಲಿ, ಅದು ಪಿಗ್ ಐರನ್ ಮಾರುಕಟ್ಟೆಯ ಜೊತೆ ಏರಲಿ, ಇಳಿಯಲಿ. ಮೋಲ್ಡಿಂಗಿಗೆ ಬಾಕ್ಸಿನ ಬೆಲೆ, ಕೋರಿಗೆ ಕೋರಿನ ಬೆಲೆ, ಫೆಟ್ಲಿಂಗಿಗೆ ಹೊತ್ತಿನ ಬೆಲೆ. ಕೊನೆಗೆ ನಗಕ್ಕೆ ಇಷ್ಟು ಎಂದು ಹೇಳಿ. ಮಷಿನ್ ಶಾಪ್ ಇಟ್ಟುಕೊಂಡವರು ಆಗಲೇ ಹಾಗೆ ಹೇಳುತ್ತಿದ್ದಾರೆ. ತಮ್ಮ ಬ್ಲೋ ಹೋಲ್ ತಮ್ಮ ಟೂಲಿನ ಕೆಳಗೇ ಕಾಣಿಸಿಕೊಳ್ಳುವುದರಿಂದ ಅವರ ರಿಜೆಕ್ಷನ್ನೂ ಇಳಿದಿದೆ ಎಂದು ಅವರ ಬಾಯಲ್ಲೇ ಕೇಳಿದ್ದೇನೆ. ಗಿರಾಕಿ ಮೊದಲು ತಕರಾರು ಮಾಡುತ್ತಾನೆ. ಪಕ್ಕದ ಶೆಡ್ಡಿನವನು ಒಂದು ರೂಪಾಯಿ ಕಡಿಮೆಗೆ ಕೊಡುತ್ತಾನೆ ಎನ್ನುತ್ತಾನೆ. ಪಕ್ಕದ ಶೆಡ್ಡಿನವರೇ, ನೀವೂ ಇಲ್ಲಿದ್ದೀರಿ, ಇದು ನಿಮಗೂ ಹೇಳಿದ ಮಾತು. ನಿಮ್ಮ ನಿಜವಾದ ಖರ್ಚು ತಿಳಿದೂ ಆ ರೂಪಾಯಿ ಬಿಡುವುದಾದರೆ ಬಿಡಿ. ತಿಳಿಯದೆ ಬಿಡಬೇಡಿ.

ದರದ ಜೊತೆ ವಸೂಲಿಯ ಮಾತೂ ಒಂದು. ಸಣ್ಣ ಘಟಕಗಳ ಬಾಕಿ ಹಣ ನಲವತ್ತೈದು ದಿನದೊಳಗೆ ಬರಬೇಕೆಂಬ ನಿಯಮಕ್ಕೆ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ಹಲ್ಲೂ ಬಂದಿದೆ. ತಡಮಾಡಿದ ಗಿರಾಕಿ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ತೋರಿಸಿಕೊಳ್ಳಬಹುದು. ಇದರ ಲಾಭಕ್ಕೆ ಬೇಕಾದ ಉದ್ಯಮ್ ನೋಂದಣಿ ಮಾಡಿಸದವರು ಇನ್ನೂ ಇದ್ದಾರೆಂದು ಕೇಳಿ ಆಶ್ಚರ್ಯಪಟ್ಟೆ. ಹೊರಗೆ ಮೇಜು ಹಾಕಿದ್ದಾರೆ, ಹೋಗುವ ಮುನ್ನ ಮಾಡಿಸಿ.

ಮಧ್ಯಾಹ್ನ ಮೂರಕ್ಕೆ ರಿಜೆಕ್ಷನ್ ಕುರಿತ ಗೋಷ್ಠಿ ಇದೆ. ಸಾಮಾನ್ಯವಾಗಿ ಊಟವಾದ ಮೇಲೆ ಕುರ್ಚಿಗಳು ಖಾಲಿಯಾಗುತ್ತವೆ. ಈ ಸಲ ಆ ಗೋಷ್ಠಿಯಲ್ಲಿ ಮಾಲೀಕರಷ್ಟೇ ಮಾತಾಡದೆ ಮೇಸ್ತ್ರಿಗಳೂ ಮಾತಾಡಲಿ ಎಂದು ಸಂಘಟಕರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ನಮ್ಮ ಕಾರಖಾನೆಯ ಕಳೆದ ವರ್ಷದ ರಿಜೆಕ್ಷನ್ ದಫ್ತರವನ್ನು ತಂದಿದ್ದೇನೆ. ಯಾವ ಜಾಬು, ಯಾವ ಪಾಳಿ, ಯಾವ ದೋಷ, ಡೆಬಿಟ್ ಎಷ್ಟು ಎಲ್ಲವೂ ಅದರಲ್ಲಿದೆ. ಗಿರಾಕಿಗಳ ಹೆಸರಿನ ಮೇಲೆ ಮಾತ್ರ ಕಾಗದ ಅಂಟಿಸಿದ್ದೇನೆ. ಮೇಜಿನ ಮೇಲೆ ಇಡುತ್ತೇನೆ, ಬಂದು ತಿರುವಿ ಹಾಕಿ, ಪ್ರಶ್ನೆ ಕೇಳಿ. ಮುಂದಿನ ಸಮಾವೇಶಕ್ಕೆ ಇನ್ನೂ ನಾಲ್ಕು ಕಾರಖಾನೆಯವರು ತಮ್ಮದನ್ನು ತರುವುದಾದರೆ ಹೆಸರು ಈಗಲೇ ಕೊಡಿ, ಬರೆದುಕೊಳ್ಳುತ್ತೇನೆ.