ಒಂದು ಪ್ರವಾಹ, ಎರಡು ಹಾಡು
(ಉಪನ್ಯಾಸದ ಪಠ್ಯ)



ರಾಕ್ ಸಂಗೀತದ ಅಭಿಮಾನಿಗಳಲ್ಲಿ ಇಂಗ್ಲೆಂಡಿನ ಲೆಡ್ ಝೆಪೆಲಿನ್ ತಂಡದ 'ವೆನ್ ದ ಲೆವೀ ಬ್ರೇಕ್ಸ್' ಕೇಳದವರು ಕಡಿಮೆ. 1971ರ ನವೆಂಬರ್‌ನಲ್ಲಿ ಹೊರಬಂದ ಆ ತಂಡದ ನಾಲ್ಕನೆಯ ಆಲ್ಬಮ್ಮಿನ ಕೊನೆಯ ಹಾಡು ಅದು. ಆದರೆ ಅದಕ್ಕೂ 42 ವರ್ಷ ಮೊದಲೇ ಅಮೆರಿಕದ ಇಬ್ಬರು ಕಪ್ಪು ಕಲಾವಿದರು ಅದನ್ನು ಹಾಡಿದ್ದರೆಂಬುದು ಬಹಳ ಮಂದಿಗೆ ತಿಳಿಯದು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ, ಹಾಡು ಕೈ ಬದಲಾಯಿಸುವಾಗ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದು ಗೊತ್ತಾಗುತ್ತದೆ.

ಲೆವೀ ಎಂದರೆ ನದಿ ಊರಿಗೆ ನುಗ್ಗದಂತೆ ದಡದುದ್ದಕ್ಕೂ ಹಾಕಿದ ಮಣ್ಣಿನ ಒಡ್ಡು. ನಮ್ಮ ಕೆರೆ ಏರಿ ಇದ್ದ ಹಾಗೆ. 1927ರ ಏಪ್ರಿಲ್ 21ರಂದು ಮಿಸಿಸಿಪಿ ನದಿಯ ಒಡ್ಡು ಗ್ರೀನ್‌ವಿಲ್ ಪಟ್ಟಣದ ಮೇಲ್ಭಾಗದಲ್ಲಿರುವ ಮೌಂಡ್ಸ್ ಲ್ಯಾಂಡಿಂಗ್‌ನಲ್ಲಿ ಒಡೆಯಿತು. ಆ ವರ್ಷದ ಪ್ರವಾಹ ಸುಮಾರು 70 ಸಾವಿರ ಚದರ ಕಿಲೋಮೀಟರ್ ನೆಲವನ್ನು ಮುಳುಗಿಸಿತು. ಆರು ಲಕ್ಷಕ್ಕೂ ಹೆಚ್ಚು ಜನ ನೆಲೆ ತಪ್ಪಿದರು.

ಒಡ್ಡು ಉಳಿಸಲು ಮರಳಿನ ಚೀಲ ಹೊತ್ತವರು ಬಹುಪಾಲು ಹತ್ತಿ ತೋಟಗಳ ಕಪ್ಪು ಕೂಲಿಗಳು. ಅವರನ್ನು ಬಂದೂಕಿನ ಕಾವಲಿನಲ್ಲಿ ದುಡಿಸಲಾಯಿತು. ನೀರು ನುಗ್ಗಿದ ಮೇಲೂ ಗ್ರೀನ್‌ವಿಲ್‌ನ ಒಡ್ಡಿನ ಮೇಲಿನ ಶಿಬಿರದಿಂದ ಅವರು ತಮ್ಮಿಷ್ಟಕ್ಕೆ ಹೊರಹೋಗುವಂತಿರಲಿಲ್ಲ. ಒಮ್ಮೆ ಹೋದವರು ಮರಳಿ ಬಾರರು, ಹತ್ತಿ ಬಿಡಿಸಲು ಆಳು ಸಿಗರು ಎಂಬ ಭಯ ತೋಟದ ಮಾಲೀಕರದು.

ಎರಡು ವರ್ಷಗಳ ನಂತರ, 1929ರ ಜೂನ್‌ನಲ್ಲಿ, ಕನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನಿ ಜೋಡಿ ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪನಿಗಾಗಿ ಈ ಹಾಡನ್ನು ಮುದ್ರಿಸಿತು. ಎರಡು ಗಿಟಾರ್, ಒಂದೇ ಕಂಠ, ಸುಮಾರು ಮೂರು ನಿಮಿಷ. ಹಾಡಿದವನು ಜೋ, ಬೆರಳಲ್ಲಿ ತಂತಿ ಮೀಟುತ್ತ ರಾಗವನ್ನು ಮುನ್ನಡೆಸಿದವಳು ಮಿನಿ. ಬ್ಲೂಸ್ ರೂಢಿಯಂತೆ ಒಂದು ಸಾಲನ್ನು ಎರಡು ಬಾರಿ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವ ಕಟ್ಟು. ನಡೆ ಹಗುರ, ಕಾಲು ತಾನಾಗಿ ತಾಳ ಹಾಕುತ್ತದೆ. ಇಂಥ ದುಃಖಕ್ಕೆ ಇಂಥ ನಡೆಯೇ ಎಂದು ಅಚ್ಚರಿಯಾಗಬಹುದು. ಕಷ್ಟವನ್ನು ಎದೆ ಬಡಿದುಕೊಳ್ಳದೆ ಹೇಳುವುದು ಬ್ಲೂಸ್‌ನ ಹಳೆಯ ಜಾಯಮಾನ.

ಲೆಡ್ ಝೆಪೆಲಿನ್ ಈ ಮೂರು ನಿಮಿಷವನ್ನು ಏಳು ನಿಮಿಷಕ್ಕೆ ಹಿಗ್ಗಿಸಿತು. ಹ್ಯಾಂಪ್‌ಷೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ ಡ್ರಮ್ ವಾದಕ ಜಾನ್ ಬಾನಮ್ ಮೆಟ್ಟಿಲ ಬುಡದಲ್ಲಿ ಕುಳಿತು ನುಡಿಸಿದರು. ಧ್ವನಿ ಎಂಜಿನಿಯರ್ ಆಂಡಿ ಜಾನ್ಸ್ ಎರಡು ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟರು. ಮಹಡಿಯ ಎತ್ತರವೆಲ್ಲ ಪ್ರತಿಧ್ವನಿಸಿದ ಆ ಹೊಡೆತದ ಮೇಲೆ ಗಿಟಾರ್, ಹಾರ್ಮೋನಿಕಾ ಸೇರಿದಾಗ ನೀರೇ ಗೋಡೆಯಂತೆ ಎದ್ದು ಬಂದಂತೆ ಕೇಳಿಸುತ್ತದೆ. ಮೂಲದಲ್ಲಿ ಪ್ರವಾಹವನ್ನು ಮನುಷ್ಯನ ಬಾಯಿಂದ ಕೇಳುತ್ತೇವೆ. ಇಲ್ಲಿ ಪ್ರವಾಹದ ಸದ್ದಿನ ನಡುವೆ ಮನುಷ್ಯನನ್ನು ಹುಡುಕಬೇಕಾಗುತ್ತದೆ. ಸಂಗೀತವಾಗಿ ಅದು ದೊಡ್ಡ ಸಾಧನೆಯೇ.

ಇನ್ನು ಸಾಹಿತ್ಯಕ್ಕೆ ಬರೋಣ. ಮೂಲದ ಹಲವು ಸಾಲುಗಳನ್ನು ತಂಡ ಉಳಿಸಿಕೊಂಡಿತು. ಕೂಲಿಗಳು ದುಡಿಮೆ ಹುಡುಕಿ ಉತ್ತರಕ್ಕೆ ವಲಸೆ ಹೋದ ಶಿಕಾಗೋ ನಗರದ ಹೆಸರನ್ನು ಹೊಸದಾಗಿ ಸೇರಿಸಿತು. ಆದರೆ ಒಡ್ಡಿನ ಮೇಲೆ ಹಗಲಿರುಳು ದುಡಿದೆನೆಂದು ಜೋ ಹೇಳುವ ಚರಣ ಬಿಟ್ಟುಹೋಯಿತು. ಮೂಲ ಹಾಡನ್ನು 1927ರ ಆ ಕೂಲಿಗಳಿಗೆ ನೇರವಾಗಿ ಕಟ್ಟಿಹಾಕುವ ಚರಣವೇ ಅದು. ಅದಿಲ್ಲದೆ ಕೇಳುವವರಿಗೆ ಇದು ಯಾವ ಕಾಲದ, ಯಾವ ನದಿಯ ನೆರೆಯೂ ಆಗಬಹುದು. ಹಾಡಿನ ಹರವು ಹಿಗ್ಗಿತು, ಸಾಕ್ಷ್ಯ ತೆಳುವಾಯಿತು.

ಹೆಸರಿನ ಪ್ರಶ್ನೆಯೂ ಇದೆ. 1971ರ ಆಲ್ಬಮ್ಮಿನಲ್ಲಿ ನಾಲ್ವರು ಸದಸ್ಯರ ಜೊತೆಗೆ ಮೆಂಫಿಸ್ ಮಿನಿಯ ಹೆಸರನ್ನು ಅಚ್ಚು ಹಾಕಲಾಯಿತು; ಹಾಡಿದ ಜೋ ಮೆಕಾಯ್ ಹೆಸರಿಲ್ಲ. ಅಷ್ಟಾದರೂ ಆಯಿತಲ್ಲ ಎನ್ನಬೇಕು. ಇದೇ ತಂಡದ 1969ರ 'ಹೋಲ್ ಲಾಟಾ ಲವ್' ಹಾಡಿನಲ್ಲಿ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ ಅವರ ಸಾಲುಗಳಿದ್ದರೂ ಹೆಸರಿರಲಿಲ್ಲ. ಡಿಕ್ಸನ್ 1985ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯ 1987ರಲ್ಲಿ ರಾಜಿಯಲ್ಲಿ ಮುಗಿಯಿತು.

ಜೋ 1950ರಲ್ಲೇ ತೀರಿಕೊಂಡಿದ್ದ. ಪಾರ್ಶ್ವವಾಯು ಬಡಿದು ಗಿಟಾರ್ ಬಿಟ್ಟಿದ್ದ ಮಿನಿ 1973ರ ಆಗಸ್ಟ್‌ನಲ್ಲಿ ಮೆಂಫಿಸ್‌ನಲ್ಲಿ ಕಣ್ಣು ಮುಚ್ಚಿದಳು. ಆಕೆಯ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 1996ರಲ್ಲಿ; ಅದರ ವೆಚ್ಚ ಭರಿಸಿದವರು ಗಾಯಕಿ ಬಾನಿ ರೇಟ್.

ಇದರಿಂದ ರಾಕ್ ಹಾಡನ್ನು ಕೇಳಬಾರದೆಂದು ಅರ್ಥವಲ್ಲ. ಬ್ಲೂಸ್ ಬೆಳೆದದ್ದೇ ಒಬ್ಬರ ಸಾಲನ್ನು ಇನ್ನೊಬ್ಬರು ಎತ್ತಿಕೊಂಡು. ಆದರೆ ಎತ್ತಿಕೊಂಡ ಇಬ್ಬರಿಗೂ ಸಿಕ್ಕ ಪಾಲು ಒಂದೇ ಅಲ್ಲ. ಮುಂದಿನ ಸಲ ಬಾನಮ್ ಅವರ ಡ್ರಮ್ ಕೇಳಿದಾಗ, ಅದಾದ ಮೇಲೆ ಮೂರು ನಿಮಿಷ ಬಿಡುವು ಮಾಡಿಕೊಂಡು ಜೋನ ಕಂಠ, ಮಿನಿಯ ಗಿಟಾರ್ ಕೇಳಿ. ಬಿಟ್ಟುಹೋದ ಆ ಚರಣ ಅಲ್ಲಿದೆ.