ನೀರಿನೊಳಗಿನ ಬೆಸುಗೆ: ಜೀವಕೋಶದ ಮೂಲ ರಾಸಾಯನಿಕಗಳು

ಜೀವಕೋಶವನ್ನು ಬಿಡಿಸುತ್ತ ಹೋಗಿ ಅದರ ಧಾತುಗಳವರೆಗೆ ಇಳಿದರೆ, ಅಲ್ಲಿ ದೊರೆಯುವುದೆಲ್ಲ ಗಾಳಿ, ನೀರು, ಮಣ್ಣುಗಳಲ್ಲಿ ಧಾರಾಳವಾಗಿ ಇರುವಂಥವೇ. ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಎಂಬ ನಾಲ್ಕೇ ಧಾತುಗಳು ಮನುಷ್ಯದೇಹದ ತೂಕದಲ್ಲಿ ಶೇಕಡಾ 96ರಷ್ಟನ್ನು ತುಂಬುತ್ತವೆ. ಉಳಿದ ಅಲ್ಪ ಭಾಗದಲ್ಲಿ ಕ್ಯಾಲ್ಸಿಯಂ, ರಂಜಕ, ಗಂಧಕ, ಕಬ್ಬಿಣ ಮುಂತಾದವು ಸೇರಿವೆ. ಆದರೂ ಜೀವಿಗಳಲ್ಲಿನ ವಸ್ತುಗಳು ಹುಟ್ಟಬೇಕಾದರೆ 'ಜೀವಶಕ್ತಿ' ಎಂಬ ಪ್ರತ್ಯೇಕವಾದ ಬಲವೊಂದು ಬೇಕೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅನೇಕ ವಿದ್ವಾಂಸರು ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ, ಮೂತ್ರದಲ್ಲಿರುವ ಯೂರಿಯಾವನ್ನು ಪ್ರಯೋಗಶಾಲೆಯಲ್ಲಿಯೇ ಪಡೆದು ಆ ನಂಬಿಕೆಗೆ ಮೊದಲ ಬಿರುಕು ಬೀಳಿಸಿದನು. ಇಂದು ರೈತರು ಗದ್ದೆಗೆ ಎರಚುವ ಯೂರಿಯಾ ಇದೇ ವಸ್ತು. ಆ ಲವಣದಲ್ಲಿಯೂ ಯೂರಿಯಾದಲ್ಲಿಯೂ ಇರುವ ಪರಮಾಣುಗಳು ಅವೇ, ಅವುಗಳ ಸಂಖ್ಯೆಯೂ ಅಷ್ಟೇ, ಬದಲಾದದ್ದು ಜೋಡಣೆಯೊಂದೇ. ಜೀವರಸಾಯನದ ಮುಖ್ಯ ಪಾಠ ಆ ಒಂದು ಪ್ರಯೋಗದಲ್ಲಿಯೇ ಅಡಗಿತ್ತೆಂದರೆ ತಪ್ಪಾಗಲಾರದು.

ಕೋಶದ ತೂಕದಲ್ಲಿ ಸುಮಾರು ಶೇಕಡಾ 70 ಭಾಗ ನೀರು. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುವುದುಂಟು. ಹಾಗೆ ಸಾಗಿದರೆ ಮುಂದಿನ ಯಾವ ಸಂಗತಿಯೂ ಸರಿಯಾಗಿ ತಿಳಿಯುವುದಿಲ್ಲ. ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆಗೆ ತುಸು ಋಣ ವಿದ್ಯುದಂಶವೂ ಎರಡು ಜಲಜನಕಗಳ ಕಡೆಗೆ ತುಸು ಧನ ವಿದ್ಯುದಂಶವೂ ಇರುವುದರಿಂದ ಅಣುಗಳು ಪರಸ್ಪರ ಸೆಳೆದುಕೊಂಡು ನಿಲ್ಲುತ್ತವೆ. ಇಂಥ ವಿದ್ಯುದಂಶವುಳ್ಳ ಉಪ್ಪು, ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಅದಿಲ್ಲದ ಎಣ್ಣೆ ನೀರಿನ ಮೇಲೆ ತೇಲಿ, ಹನಿಹನಿಯಾಗಿ ಒಗ್ಗೂಡುತ್ತದೆ. ನೀರಿಗೆ ಒಲಿಯುವ ಭಾಗಗಳು, ನೀರಿಗೆ ಒಲ್ಲದ ಭಾಗಗಳು ಎಂಬ ಈ ಸರಳ ಭೇದವೇ ಕೋಶದ ದೊಡ್ಡ ಅಣುಗಳ ಆಕಾರವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಆ ದೊಡ್ಡ ಅಣುಗಳು ಹುಟ್ಟುವ ಬಗೆಯಲ್ಲಿಯೂ ನೀರಿನ ಪಾತ್ರವಿದೆ. ಚಿಕ್ಕ ಅಣುವೊಂದು ಇನ್ನೊಂದು ಚಿಕ್ಕ ಅಣುವಿನೊಂದಿಗೆ ಬೆಸೆದುಕೊಳ್ಳುವಾಗ ಒಂದರಿಂದ ಜಲಜನಕವೂ ಮತ್ತೊಂದರಿಂದ ಜಲಜನಕ-ಆಮ್ಲಜನಕಗಳ ಜೋಡಿಯೂ ಕಳಚಿ, ಒಟ್ಟಿನಲ್ಲಿ ಒಂದು ನೀರಿನ ಅಣು ಹೊರಬೀಳುತ್ತದೆ. ಸಕ್ಕರೆಗಳು ಸೇರಿ ಪಿಷ್ಟವಾಗುವಾಗ, ಅಮೈನೋ ಆಮ್ಲಗಳು ಸೇರಿ ಪ್ರೋಟೀನ್ ಆಗುವಾಗ, ನ್ಯೂಕ್ಲಿಯೋಟೈಡ್‌ಗಳು ಸೇರಿ ಡಿಎನ್‌ಎ ಆಗುವಾಗ ಲೆಕ್ಕದಲ್ಲಿ ನಡೆಯುವುದು ಇದೇ. ಬೆಸುಗೆ ಬಿಡಿಸಬೇಕಾದಾಗ ಅಲ್ಲಿಗೆ ಒಂದು ನೀರಿನ ಅಣುವನ್ನು ಸೇರಿಸಲಾಗುತ್ತದೆ. ಇದಕ್ಕೆ ಜಲವಿಶ್ಲೇಷಣೆ ಎಂದು ಹೆಸರು. ಅನ್ನದ ತುತ್ತನ್ನು ನುಂಗದೆ ಬಹಳ ಹೊತ್ತು ಅಗಿದರೆ ಬಾಯಲ್ಲಿ ಸಣ್ಣಗೆ ಸಿಹಿ ಮೂಡುವುದು, ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟದ ಬೆಸುಗೆಗಳ ನಡುವೆ ನೀರನ್ನು ತೂರಿಸಿ ಅದನ್ನು ಸಕ್ಕರೆಯಾಗಿ ಬಿಡಿಸುವುದರಿಂದಲೇ.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಸುತ್ತಲೂ ನೀರೇ ತುಂಬಿರುವಾಗ ನೀರನ್ನು ಹೊರಹಾಕಿ ಬೆಸೆಯುವುದು ಮಳೆಗಾಲದಲ್ಲಿ ಬಟ್ಟೆ ಒಣಗಿಸಿದಂಥ ಕೆಲಸವಲ್ಲವೇ? ನಿಜಕ್ಕೂ ಅದು ತಾನಾಗಿ ನಡೆಯುವ ಕೆಲಸವಲ್ಲ. ಕೋಶವು ಪ್ರತಿಯೊಂದು ಬೆಸುಗೆಗೂ ಶಕ್ತಿಯ ಬೆಲೆ ತೆರುತ್ತದೆ. ಆ ಶಕ್ತಿಯನ್ನು ಹೊತ್ತು ತರುವುದು ಮೂರು ಫಾಸ್ಫೇಟ್‌ಗಳ ಬಾಲವುಳ್ಳ ಎಟಿಪಿ ಎಂಬ ಅಣು ಮತ್ತು ಅದರ ಬಳಗದವು. ಒಮ್ಮೆ ಬಿದ್ದ ಬೆಸುಗೆ ನೀರಿನಲ್ಲಿದ್ದೂ ಬೇಗ ಬಿಡುವುದಿಲ್ಲ. ಕಿಣ್ವದ ನೆರವಿಲ್ಲದಿದ್ದರೆ ಪ್ರೋಟೀನಿನ ಬೆಸುಗೆಯೊಂದು ಸಾಧಾರಣ ನೀರಿನಲ್ಲಿ ನೂರಾರು ವರ್ಷ ನಿಲ್ಲಬಲ್ಲದು. ಕಟ್ಟುವುದಕ್ಕೆ ಶಕ್ತಿ, ಕೆಡವುವುದಕ್ಕೆ ಕಿಣ್ವ ಎಂಬ ಈ ಏರ್ಪಾಡಿನಿಂದಾಗಿ ಎರಡೂ ಕೆಲಸಗಳು ಕೋಶದ ಹತೋಟಿಯಲ್ಲಿ ಉಳಿಯುತ್ತವೆ.

ಬೆಸುಗೆಯ ಬಗೆ ಬದಲಾದರೆ ವಸ್ತುವೇ ಬದಲಾಗುತ್ತದೆ ಎಂಬುದಕ್ಕೆ ಕಾರ್ಬೋಹೈಡ್ರೇಟ್‌ಗಳಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ರಾಗಿಯ ಪಿಷ್ಟವೂ ಹತ್ತಿಯ ನೂಲಿನ ಸೆಲ್ಯುಲೋಸೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಸರಪಳಿಗಳು. ಪಿಷ್ಟದಲ್ಲಿ ಗ್ಲೂಕೋಸ್‌ಗಳೆಲ್ಲ ಒಂದೇ ಮಗ್ಗುಲಲ್ಲಿ ಬೆಸೆದುಕೊಂಡು ಸರಪಳಿ ಸುರುಳಿ ಸುತ್ತುತ್ತದೆ. ಸೆಲ್ಯುಲೋಸ್‌ನಲ್ಲಿ ಒಂದು ಬಿಟ್ಟು ಒಂದು ಗ್ಲೂಕೋಸ್ ಮಗ್ಗುಲು ಬದಲಿಸಿ ನಿಲ್ಲುವುದರಿಂದ ಸರಪಳಿ ನೆಟ್ಟಗಾಗಿ, ಅಕ್ಕಪಕ್ಕದ ಸರಪಳಿಗಳೊಂದಿಗೆ ಒತ್ತಾಗಿ ಹೊಂದಿಕೊಂಡು ಗಟ್ಟಿ ಎಳೆಯಾಗುತ್ತದೆ. ರಾಗಿ ಹಿಟ್ಟು ಕುದಿಯುವ ಎಸರಿನಲ್ಲಿ ನೀರು ಹೀರಿ ಉಬ್ಬಿ ಮುದ್ದೆಯಾಗುತ್ತದೆ. ಹತ್ತಿಯ ಬಟ್ಟೆಯನ್ನು ಎಷ್ಟು ಬೇಯಿಸಿದರೂ ಅದು ಬಟ್ಟೆಯಾಗಿಯೇ ಉಳಿಯುತ್ತದೆ. ಸೆಲ್ಯುಲೋಸ್‌ನ ಬೆಸುಗೆ ಬಿಡಿಸುವ ಕಿಣ್ವ ಮನುಷ್ಯನಲ್ಲಿಲ್ಲ, ಹಸುವಿನಲ್ಲಿಯೂ ಇಲ್ಲ. ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಲ್ಲಿ ಅದು ಇರುವುದರಿಂದಲೇ ಒಣಹುಲ್ಲು ಹಾಲಾಗಿ ಮನೆಗೆ ಬರುತ್ತದೆ.

ಲಿಪಿಡ್‌ಗಳು, ಅಂದರೆ ಕೊಬ್ಬು ಮತ್ತು ಅದರ ಬಳಗ, ಹೀಗೆ ಉದ್ದ ಸರಪಳಿಯಾಗಿ ಬೆಸೆದುಕೊಳ್ಳುವುದಿಲ್ಲ. ಅವುಗಳನ್ನು ಒಟ್ಟುಗೂಡಿಸುವುದು ನೀರಿನ ಒತ್ತಾಯ. ಫಾಸ್ಫೋಲಿಪಿಡ್ ಎಂಬ ಅಣುವಿಗೆ ನೀರಿಗೆ ಒಲಿಯುವ ತಲೆಯೊಂದು, ನೀರಿಗೆ ಒಲ್ಲದ ಬಾಲಗಳೆರಡು. ನೀರಿನಲ್ಲಿ ಇಂಥ ಅಣುಗಳು ಬಾಲಗಳನ್ನು ಒಳಗಡೆ ಬಚ್ಚಿಟ್ಟು, ತಲೆಗಳನ್ನು ಎರಡೂ ಹೊರಮೈಗಳಲ್ಲಿ ಇಟ್ಟು, ಎರಡು ಪದರಗಳ ಪೊರೆಯಾಗಿ ತಾವೇ ಹರಡಿಕೊಳ್ಳುತ್ತವೆ. ಕೋಶಕ್ಕೂ ಹೊರಜಗತ್ತಿಗೂ ನಡುವಿನ ಈ ಗಡಿ ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗದಷ್ಟೂ ದಪ್ಪವಿಲ್ಲ. ಎಣ್ಣೆ, ಕೊಬ್ಬುಗಳಲ್ಲಿಯೂ ಇರುವ ಇಂಥ ಬಾಲಗಳ ರೂಪಕ್ಕೂ ಮಹತ್ವವಿದೆ: ನೆಟ್ಟನೆಯ ಬಾಲಗಳು ಒತ್ತಾಗಿ ಕೂಡಿ ಗಟ್ಟಿಯಾಗುತ್ತವೆ, ಡೊಂಕು ಬಾಲಗಳು ಸಡಿಲವಾಗಿ ದ್ರವವಾಗಿಯೇ ಇರುತ್ತವೆ. ಚಳಿಗಾಲದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿದರೂ ಪಕ್ಕದ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುವುದಕ್ಕೆ ಮುಖ್ಯ ಕಾರಣ ಇದೇ.

ನ್ಯೂಕ್ಲಿಯಿಕ್ ಆಮ್ಲಗಳ ಕಥೆ ಈಗ ಜನಜನಿತ. 1869ರಲ್ಲಿ ಟ್ಯೂಬಿಂಗನ್‌ನಲ್ಲಿ ಫ್ರೆಡ್ರಿಕ್ ಮೀಷರ್, ಗಾಯದ ಪಟ್ಟಿಗಳಿಂದ ತೊಳೆದು ತೆಗೆದ ಕೀವಿನ ಕೋಶಗಳಲ್ಲಿ ರಂಜಕ ಹೇರಳವಾಗಿದ್ದ ಹೊಸ ವಸ್ತುವೊಂದನ್ನು ಕಂಡುಕೊಂಡನು. ಅದೇ ಮುಂದೆ ಡಿಎನ್‌ಎ ಎಂದು ಪ್ರಸಿದ್ಧವಾಯಿತು. ಅದರ ನ್ಯೂಕ್ಲಿಯೋಟೈಡ್‌ಗಳಲ್ಲಿರುವ ನಾಲ್ಕೇ ಬಗೆಯ ಪ್ರತ್ಯಾಮ್ಲಗಳ ಅನುಕ್ರಮದಲ್ಲಿ, ಪ್ರೋಟೀನಿನ ಅಮೈನೋ ಆಮ್ಲಗಳು ಯಾವ ಸರದಿಯಲ್ಲಿ ಬೆಸೆದುಕೊಳ್ಳಬೇಕೆಂಬ ಸೂಚನೆ ಬರೆದಿರುತ್ತದೆ.

ಆ ಸರದಿಯ ಫಲ ಪ್ರೋಟೀನುಗಳಲ್ಲಿ ಕಾಣುತ್ತದೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಲ್ಲಿ ಕೆಲವು ನೀರಿಗೆ ಒಲಿಯುವಂಥವು, ಕೆಲವು ಒಲ್ಲದಂಥವು. ಸರಪಳಿ ಮಡಿಚಿಕೊಳ್ಳುವಾಗ ಒಲ್ಲದವು ಸಾಮಾನ್ಯವಾಗಿ ಒಳಗೆ ಸರಿಯುತ್ತವೆ, ಒಲಿಯುವವು ಹೊರಮೈಗೆ ಬರುತ್ತವೆ. ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ತಡೆಯುತ್ತವೆ ಎಂಬುದನ್ನು ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಲೆಕ್ಕಹಾಕಿ 1963ರಲ್ಲಿ ಪ್ರಕಟಿಸಿದ ನಕ್ಷೆಯನ್ನು ಇಂದಿಗೂ ಜಗತ್ತಿನಾದ್ಯಂತ ಪ್ರೋಟೀನುಗಳ ರಚನೆಯನ್ನು ಪರಿಶೀಲಿಸಲು ಬಳಸುತ್ತಾರೆ. ಅದಕ್ಕೂ ಮೊದಲೇ ಅವರು ಗೋಪಿನಾಥ್ ಕರ್ತ ಅವರೊಂದಿಗೆ ಚರ್ಮ, ಮೂಳೆಗಳ ಪ್ರೋಟೀನಾದ ಕೊಲ್ಯಾಜೆನ್ ಮೂರು ಎಳೆಗಳ ಹುರಿಯೆಂದು ತೋರಿಸಿದ್ದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದವರೂ ಅವರೇ.

ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಏನಾಗುತ್ತದೆ ಎಂಬುದು ಕುಡಗೋಲು ಕಣ ರಕ್ತಹೀನತೆಯಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಎಂಬ ಸರಪಳಿಗೆ 146 ಅಮೈನೋ ಆಮ್ಲಗಳು. ಅದರ ಆರನೆಯ ಸ್ಥಾನದಲ್ಲಿ ನೀರಿಗೆ ಒಲಿಯುವ ಗ್ಲುಟಾಮಿಕ್ ಆಮ್ಲದ ಬದಲು ನೀರಿಗೆ ಒಲ್ಲದ ವ್ಯಾಲಿನ್ ಬಂದು ಕೂತಿರುವುದೇ ಈ ರೋಗದ ಮೂಲವೆಂದು 1950ರ ದಶಕದಲ್ಲಿ ವರ್ನನ್ ಇನ್‌ಗ್ರಾಮ್ ತೋರಿಸಿದನು. ಆ ವ್ಯಾಲಿನ್ ಇರುವುದು ಅಣುವಿನ ಹೊರಮೈಯಲ್ಲಿ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ, ನೀರಿನಿಂದ ಮರೆಯಾಗಲು ಆ ವ್ಯಾಲಿನ್ ನೆರೆಯ ಹಿಮೋಗ್ಲೋಬಿನ್‌ನ ಗುಳಿಯೊಂದರಲ್ಲಿ ಹೊಕ್ಕು ಕೂರುತ್ತದೆ. ಹೀಗೆ ಒಂದಕ್ಕೊಂದು ಅಂಟಿಕೊಂಡ ಅಣುಗಳು ಉದ್ದನೆಯ ನಾರುಗಳಾಗಿ, ದುಂಡಗಿನ ಕೆಂಪು ಕಣವನ್ನು ಒಳಗಿನಿಂದ ಚುಚ್ಚಿ ಕುಡಗೋಲಿನಂತೆ ಬಾಗಿಸುತ್ತವೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆಗಳಲ್ಲಿ ಸಹಿಸಲಾರದ ನೋವು ಏಳುತ್ತದೆ.

ಭಾರತದಲ್ಲಿ ಈ ಕಣಗಳನ್ನು 1952ರಲ್ಲಿ ಮೊದಲಿಗೆ ಗುರುತಿಸಿದ್ದು ನೀಲಗಿರಿಯ ಆದಿವಾಸಿಗಳಲ್ಲಿ. ಅದೇ ಬೆಟ್ಟಸಾಲಿಗೆ ಹೊಂದಿಕೊಂಡ ಚಾಮರಾಜನಗರ, ಮೈಸೂರು ಸೀಮೆಯ ಕಾಡಂಚಿನ ಹಾಡಿಗಳಲ್ಲಿಯೂ ಈ ರೋಗ ಇದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಬದಲಾವಣೆ ಬಂದವರಿಗೆ ಮಲೇರಿಯಾದ ತೀವ್ರತೆಯಿಂದ ರಕ್ಷಣೆ ದೊರೆಯುವುದರಿಂದ, ಮಲೇರಿಯಾ ಹೆಚ್ಚಿದ್ದ ಪ್ರದೇಶಗಳಲ್ಲಿ ಇದು ತಲೆಮಾರುಗಳಿಂದ ಉಳಿದು ಬಂದಿದೆ. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿರ್ಮೂಲನಾ ಅಭಿಯಾನದ ಮೂಲಕ ಇಂಥ ಹಾಡಿಗಳಲ್ಲಿ ರಕ್ತಪರೀಕ್ಷೆ ನಡೆಯುತ್ತಿರುವುದು ತಡವಾಗಿಯಾದರೂ ಆಗಬೇಕಾಗಿದ್ದ ಕೆಲಸ. ರೋಗಿಗಳಿಗೆ ವೈದ್ಯರು ಮೊದಲು ಹೇಳುವ ಮಾತುಗಳಲ್ಲಿ ಒಂದು, ಹೆಚ್ಚು ನೀರು ಕುಡಿಯಬೇಕೆಂಬುದು: ಕೆಂಪು ಕಣದಲ್ಲಿ ನೀರು ಕಡಿಮೆಯಾದಂತೆ ಹಿಮೋಗ್ಲೋಬಿನ್ ಅಣುಗಳು ಒತ್ತೊತ್ತಾಗಿ ನಾರುಗಟ್ಟುವುದು ಬೇಗವಾಗುತ್ತದೆ, ನೀರು ಸಾಕಷ್ಟಿದ್ದರೆ ಅವುಗಳ ನಡುವೆ ಅಂತರ ಉಳಿದು, ಕಣವು ಆಮ್ಲಜನಕವನ್ನು ಇಳಿಸಿ ಬಾಗದೆಯೇ ಶ್ವಾಸಕೋಶಕ್ಕೆ ಮರಳುವುದಕ್ಕೆ ಸಮಯ ಸಿಗುತ್ತದೆ.